ರೋಗಪೀಡಿತ ಮಗುವಿನ ಬಯಕೆ ಮತ್ತು ದಾನವಿವೇಕ

ದಾನವೆಂದರೇನು ಎಂಬ ಪ್ರಶ್ನೆಗೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ಉತ್ತರವಿತ್ತಿದ್ದಾರೆ. ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನವೆಂದೂ, ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ಹಿರಿಮೆಯಿಂದ ಆ ದಾನಕ್ಕೆ ಹಿರಿಮೆ ಬರುವುದೆಂದೂ ಅವರ ಅಭಿಪ್ರಾಯ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳನ್ನು ಈ ಅಳತೆಗೋಲಿನಿಂದ ಅಳೆಯುವುದು ನಮಗೆ ರೂಢಿಯಾಗಿದೆ. ಆದರೆ ಈ ನಾಲ್ಕರಲ್ಲಿ ಯಾವುದಕ್ಕೂ ನೇರವಾಗಿ ಸೇರದ ಹೊಸದೊಂದು ದಾನ ನಮ್ಮ ಕಾಲದಲ್ಲಿ ಪ್ರಚಾರಕ್ಕೆ ಬಂದಿದೆ. ಕಠಿಣ ಕಾಯಿಲೆಗೆ ತುತ್ತಾದ ಮಗುವನ್ನು ಕರೆದು 'ನಿನಗೇನು ಬೇಕು?' ಎಂದು ಕೇಳಿ, ಅದು ಬಯಸಿದ್ದನ್ನು ನೆರವೇರಿಸಿಕೊಡುವ ದಾನ ಅದು. ಇದನ್ನು ಕುರಿತು ಶ್ರಾವಕರ ನೆಲೆಯಿಂದ ವಿಚಾರ ಮಾಡಬೇಕಾದ ಪ್ರಸಂಗ ಈಗ ಒದಗಿದೆ.

ನಮ್ಮೂರಿನ ಬಸದಿಯ ಆಡಳಿತ ಸಮಿತಿಯ ಮುಂದೆ ಈಚೆಗೆ ಒಂದು ಸಲಹೆ ಬಂದಿತು. ದಾನಿಗಳೊಬ್ಬರು ತಮ್ಮ ತೀರ್ಥರೂಪರ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಲು ಮುಂದೆ ಬಂದರು. ಪ್ರತಿ ವರ್ಷ ಮಹಾವೀರ ಜಯಂತಿಯಂದು ಐವರು ರೋಗಪೀಡಿತ ಮಕ್ಕಳ 'ಕೊನೆಯ ಆಸೆ'ಯನ್ನು ವೇದಿಕೆಯ ಮೇಲೆ ನೆರವೇರಿಸಬೇಕು ಎಂಬುದು ಅವರ ಅಪೇಕ್ಷೆ. ಸಭೆ ಎರಡಾಗಿ ಒಡೆಯಿತು. ತರುಣರು ಒಕ್ಕೊರಲಿನಿಂದ ಒಪ್ಪಿದರು. ಹಿರಿಯರೊಬ್ಬರು ಎದ್ದು ನಿಂತು, "ಆಸೆಯನ್ನು ಗೆಲ್ಲುವುದನ್ನು ಕಲಿಸುವುದು ಜಿನಧರ್ಮ. ಸಾವಿನ ಬಾಗಿಲಲ್ಲಿ ನಿಂತ ಮಗುವಿಗೆ ಆಸೆಯನ್ನೇ ಉಣಿಸುವುದು ಯಾವ ಧರ್ಮ?" ಎಂದು ಕೇಳಿದರು. ಇನ್ನೊಬ್ಬರು ಲೆಕ್ಕಪತ್ರವನ್ನು ಮುಂದಿಟ್ಟು, ಇದೇ ಹಣದಲ್ಲಿ ಎಷ್ಟು ಮಕ್ಕಳಿಗೆ ಔಷಧ ಕೊಡಿಸಬಹುದೆಂದು ವಾದಿಸಿದರು. ತೀರ್ಮಾನವಾಗದೆ ವಿಷಯ ಮುಂದಿನ ಸಭೆಗೆ ಹೋಯಿತು. ಅಂದಿನಿಂದ ನನ್ನ ಮನಸ್ಸಿನಲ್ಲಿ ನಡೆದ ಮಂಥನವನ್ನು ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು ಈ ಪದ್ಧತಿಯ ಮೂಲವನ್ನು ನೋಡೋಣ. ಅಮೆರಿಕಾದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಏಳು ವರ್ಷದ ಬಾಲಕನೊಬ್ಬನಿಗೆ ಪೊಲೀಸ್ ಅಧಿಕಾರಿಯಾಗಬೇಕೆಂಬ ಹಂಬಲವಿತ್ತು. 1980ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಆ ರಾಜ್ಯದ ಪೊಲೀಸರು ಅವನನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ದರು, ಅವನ ಅಳತೆಗೆ ಸಮವಸ್ತ್ರ ಹೊಲಿಸಿದರು, ಗೌರವ ಅಧಿಕಾರಿಯೆಂದು ಪ್ರಮಾಣವಚನ ಬೋಧಿಸಿದರು. ಕೆಲವೇ ದಿನಗಳಲ್ಲಿ, ಮೇ 3ರಂದು, ಬಾಲಕ ತೀರಿಕೊಂಡ. ಆ ಅನುಭವದಿಂದ ಕಲಕಿದವರು ಅದೇ ವರ್ಷ ಕಟ್ಟಿದ ಸಂಸ್ಥೆಯೇ 'ಮೇಕ್ ಎ ವಿಶ್'. ಅದು ಅನೇಕ ದೇಶಗಳಿಗೆ ಹಬ್ಬಿತು; 1996ರಲ್ಲಿ ಭಾರತದಲ್ಲಿಯೂ ಆರಂಭವಾಯಿತು. 2014ರಲ್ಲಿ ಹೈದರಾಬಾದಿನ ಪೊಲೀಸ್ ಕಮಿಷನರರ ಕುರ್ಚಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಒಂದು ದಿನ ಕುಳಿತದ್ದನ್ನು, 2019ರಲ್ಲಿ ಬೆಂಗಳೂರಿನಲ್ಲಿಯೂ ಕೆಲವು ಮಕ್ಕಳಿಗೆ ಅದೇ ಗೌರವ ದೊರೆತದ್ದನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು.

ಈಗ ಹಿರಿಯರ ಆಕ್ಷೇಪಣೆಯನ್ನು ಪರಿಶೀಲಿಸೋಣ. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ಭೋಗಾಕಾಂಕ್ಷೆಯಾದ ನಿದಾನವೂ ಒಂದು; ಶಲ್ಯರಹಿತನೇ ವ್ರತಿ. ಇದು ನಿರ್ವಿವಾದ. ಆದರೆ ನಿದಾನವೆಂಬುದು ವ್ರತತಪಗಳನ್ನು ಆಚರಿಸಿ ಅದರ ಬೆಲೆಯಾಗಿ ಭೋಗವನ್ನು ಬೇಡುವವನ ದೋಷ. ಮೂಗಿಗೆ ನಳಿಕೆ, ಕೈಗೆ ಸೂಜಿ ಸಿಕ್ಕಿಸಿಕೊಂಡು ಮಲಗಿರುವ ಎಂಟು ವರ್ಷದ ಮಗು ಸೈಕಲ್ಲನ್ನು ಬಯಸಿದರೆ ಅದು ತಪಸ್ಸನ್ನು ಮಾರಾಟಕ್ಕಿಟ್ಟಂತಾಗದು. ಇನ್ನೊಂದು ಮಾತು. ತ್ಯಾಗಕ್ಕೆ ಅರ್ಥ ಬರುವುದು ಇದ್ದದ್ದನ್ನು ತಾನಾಗಿ ಬಿಟ್ಟಾಗ. ಶಾಲೆ, ಆಟ, ಗೆಳೆಯರು, ತಲೆಗೂದಲು ಎಲ್ಲವನ್ನೂ ಕಾಯಿಲೆ ಆ ಮಗುವಿನಿಂದ ಕಸಿದುಕೊಂಡಿದೆ. ಕಸಿದುಕೊಂಡದ್ದು ತ್ಯಾಗವಲ್ಲ. ಅಂಥ ಮಗುವಿಗೆ ನಿರಾಸೆಯನ್ನು ಉಪದೇಶಿಸುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಕ್ಲೇಶಪಡುವ ಜೀವಿಗಳಲ್ಲಿ ಕಾರುಣ್ಯ ತೋರಬೇಕೆಂಬ ಭಾವನೆ ನಮ್ಮ ಶಾಸ್ತ್ರದಲ್ಲಿ ಸ್ಪಷ್ಟವಾಗಿರುವಾಗ ಈ ದಾನವನ್ನು ಮೂಲದಲ್ಲಿಯೇ ತಿರಸ್ಕರಿಸಲು ಕಾರಣವಿಲ್ಲ.

ಅಲ್ಲದೆ ಬಯಕೆಯನ್ನು ಮನ್ನಿಸುವ ಸಂಸ್ಕಾರ ನಮಗೆ ಹೊಸದೂ ಅಲ್ಲ. 'ಬಯಕೆ' ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಬಸುರಿಯ ಬಯಕೆ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಜ್ಞಾತಾಧರ್ಮಕಥೆಯ ಮೊದಲ ಅಧ್ಯಾಯದಲ್ಲಿ ಶ್ರೇಣಿಕನ ರಾಣಿ ಧಾರಿಣಿಗೆ ಅಕಾಲದಲ್ಲಿ ಮೋಡ ಮುಸುಕಿ ಮಳೆ ಸುರಿಯಬೇಕೆಂಬ ದೋಹದ ಉಂಟಾಗುತ್ತದೆ. ಅದನ್ನು ಹೇಳಿಕೊಳ್ಳಲಾರದೆ ಆಕೆ ಸೊರಗುತ್ತಾಳೆ. ಆಕೆಯ ಕೊರಗಿಗೆ ಕಾರಣವೇನೆಂದು ಶ್ರೇಣಿಕ ಮತ್ತೆ ಮತ್ತೆ ಕೇಳಿ ತಿಳಿಯುತ್ತಾನೆ. ಅಭಯಕುಮಾರ ಉಪವಾಸವಿದ್ದು ಉಪಾಯ ಕಾಣುತ್ತಾನೆ. ಬಯಕೆ ಅಸಾಧ್ಯವಾದದ್ದೆಂದು ಯಾರೂ ಆಕೆಯನ್ನು ಗದರಿಸಲಿಲ್ಲ. ನಮ್ಮ ಮನೆಗಳಲ್ಲಿಯೂ ಬಸುರಿಯ ಬಯಕೆಯನ್ನು ತಾಯಿಯೋ ಅತ್ತೆಯೋ ಮೆಲ್ಲಗೆ ಕೇಳಿ ತಿಳಿದು ಪೂರೈಸುವುದುಂಟು. ಅದನ್ನು ವೇದಿಕೆಯ ಮೇಲೆ ಕರೆದು ಪೂರೈಸಿದ್ದನ್ನು ನಾನು ಕಂಡಿಲ್ಲ.

ಇಲ್ಲಿಯೇ ವಿಧಿಯ ಪ್ರಶ್ನೆ ಏಳುತ್ತದೆ. ಆಸ್ಪತ್ರೆಗೆ ಸೇರಿದ ಮಗುವಿನ ಬದುಕಿನಲ್ಲಿ ಎಲ್ಲವನ್ನೂ ಬೇರೆಯವರೇ ನಿರ್ಧರಿಸುತ್ತಾರೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಕೈಗೆ ಸೂಜಿ ಚುಚ್ಚಬೇಕು, ಯಾವುದನ್ನೂ ಅದನ್ನು ಕೇಳಿ ಮಾಡುವುದಿಲ್ಲ, ಕೇಳುವಂತೆಯೂ ಇಲ್ಲ. ಅಂಥ ಮಗುವನ್ನು ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತು 'ನಿನಗೇನು ಬೇಕು?' ಎಂದು ಕೇಳಿ, ಅದರ ಉತ್ತರಕ್ಕಾಗಿ ಕಾಯುವುದೇ ಈ ದಾನದ ತಿರುಳು. ವಸ್ತು ಆಮೇಲಿನದು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಬಹಳ ವರ್ಷಗಳ ಹಿಂದೆ ನನ್ನ ಅಕ್ಕನ ಮೊಮ್ಮಗನಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಆಗ ಅವನಿಗೆ ಆರು ವರ್ಷ. ಆ ಚಿಕಿತ್ಸೆಯಲ್ಲಿ ಕೊಡುವ ಸ್ಟೆರಾಯ್ಡ್ ಔಷಧಗಳಿಂದ ಮಕ್ಕಳಿಗೆ ತಾಳಲಾರದ ಹಸಿವಾಗುತ್ತದೆ. ನಡುರಾತ್ರಿ ಎರಡು ಗಂಟೆಗೆ ಎದ್ದು ಊಟ ಕೇಳುತ್ತಿದ್ದ. ಅಕ್ಕ ನಲವತ್ತು ವರ್ಷಗಳಿಂದ ರಾತ್ರಿಭೋಜನವನ್ನು ತ್ಯಜಿಸಿದವರು. ಆದರೂ ಎದ್ದು ಒಲೆ ಹಚ್ಚಿ ಅವನಿಗೆ ಅಕ್ಕಿರೊಟ್ಟಿ ತಟ್ಟಿಕೊಡುತ್ತಿದ್ದರು. ರೋಗಿಯಾದ ಬಾಲಕನಿಗೆ ಆ ನಿಯಮವಿಲ್ಲವೆಂದು ಅವರಿಗೆ ಗೊತ್ತಿತ್ತು. ರಾತ್ರಿ ಒಲೆ ಹಚ್ಚಿದ್ದನ್ನು ಬೆಳಗಿನ ಪ್ರತಿಕ್ರಮಣದಲ್ಲಿ ನಿವೇದಿಸಿಕೊಳ್ಳುತ್ತಿದ್ದರು. ನೆಂಟರು ಬಂದಾಗಲೆಲ್ಲ 'ನಿನಗೇನು ಬೇಕೋ ಪುಟ್ಟಾ?' ಎಂದು ಕೇಳುವರು. ವಿಮಾನವೆಂದೋ ರೈಲೆಂದೋ ಅವರು ಮೆಚ್ಚುವಂಥದನ್ನು ಅವನು ಹೇಳುವನು. ಒಂದು ರಾತ್ರಿ ಮಾತ್ರ ರೊಟ್ಟಿಯ ತಟ್ಟೆಯನ್ನು ದೂಡಿ, "ಅಜ್ಜೀ, ನೀನೂ ತಿನ್ನು. ದಿನಾ ನಾನೊಬ್ಬನೇ ತಿನ್ನಬೇಕು" ಎಂದು ಅತ್ತ.

ವ್ರತವನ್ನು ಮುರಿಯಬೇಕೆ, ಮಗುವಿನ ಮನಸ್ಸನ್ನು ಮುರಿಯಬೇಕೆ? ಅಕ್ಕ ಎರಡನ್ನೂ ಮಾಡಲಿಲ್ಲ. "ಹೊತ್ತು ಹುಟ್ಟಿ ಎರಡು ಗಳಿಗೆ ಆಗಲಿ ಮಗಾ, ಇದೇ ರೊಟ್ಟಿ ಬಿಸಿಬಿಸಿ ತಟ್ಟುತ್ತೇನೆ. ಒಂದೇ ತಟ್ಟೆಯಲ್ಲಿ ಇಬ್ಬರೂ ತಿನ್ನೋಣ. ಈಗ ನೀನು ತಿನ್ನು, ನಾನು ಪಕ್ಕದಲ್ಲೇ ಕೂತಿರುತ್ತೇನೆ" ಎಂದರು. ಹಾಗೆಯೇ ನಡೆದುಕೊಂಡರು. ಅವನು ಬಯಸಿದ್ದು ಅಜ್ಜಿ ರಾತ್ರಿ ಉಣ್ಣಲಿ ಎಂದಲ್ಲ. ರೋಗದಲ್ಲಿ ತಾನು ಒಂಟಿಯಾಗಬಾರದೆಂದು. ಅಕ್ಕನಿಗೆ ಅದು ಕೇಳಿಸಿತು. ಬಯಕೆಯ ಹಿಂದೆ ಇನ್ನೊಂದು ಬಯಕೆಯಿರುತ್ತದೆ. ಅದನ್ನು ಕಾಣಬಲ್ಲವನಿಗೆ ತನ್ನ ವ್ರತವನ್ನೂ ಮಗುವಿನ ಮನಸ್ಸನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿ ಹಲವು ಸಲ ಸಿಗುತ್ತದೆ.

ಈ ಮಾತನ್ನು ದ್ರವ್ಯದ ವಿಚಾರಕ್ಕೆ ಅನ್ವಯಿಸಿ ನೋಡಬೇಕು. ಏಕೆಂದರೆ ಮಗು ಕೇಳಿದ್ದನ್ನೆಲ್ಲ ಕೊಡಬಹುದೇ ಎಂಬ ಪ್ರಶ್ನೆಯನ್ನು ಜೈನರಾದ ನಾವು ತಪ್ಪಿಸಿಕೊಳ್ಳಲಾರೆವು. 1996ರಲ್ಲಿ ಅಮೆರಿಕಾದ ಮಿನೆಸೋಟಾ ರಾಜ್ಯದ, ಮೆದುಳಿನ ಗೆಡ್ಡೆಯಿಂದ ನರಳುತ್ತಿದ್ದ ಹದಿನೇಳು ವರ್ಷದ ಹುಡುಗನೊಬ್ಬ ಅಲಾಸ್ಕಾಕ್ಕೆ ಹೋಗಿ ದೊಡ್ಡ ಕರಡಿಯೊಂದನ್ನು ಬೇಟೆಯಾಡಬೇಕೆಂದು ಬಯಸಿದ. ಮೇಲೆ ಹೇಳಿದ ಸಂಸ್ಥೆ ಬೇಟೆಗಾರರ ಸಂಘವೊಂದರ ನೆರವಿನಿಂದ ಅದಕ್ಕೆ ಏರ್ಪಾಡು ಮಾಡಿತು. ಪ್ರಾಣಿದಯೆಯ ಕಾರ್ಯಕರ್ತರಿಂದ ತೀವ್ರ ಪ್ರತಿಭಟನೆ ಎದ್ದಿತು. ಮುಂದೆ ಆ ಸಂಸ್ಥೆ ಬೇಟೆಯ ಬಯಕೆಗಳನ್ನು ಪೂರೈಸುವುದನ್ನೇ ನಿಲ್ಲಿಸಿತು. ಆ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ತಾಯಿಯೊಬ್ಬರು, ಕ್ಯಾನ್ಸರಿನಿಂದ ನರಳುತ್ತಿದ್ದ ತಮ್ಮ ಮಗನ ಬೇಟೆಯ ಬಯಕೆಗೆ ಅಲ್ಲಿ ಅವಕಾಶ ಸಿಗದಿದ್ದುದರಿಂದ, ಇಂಥ ಬಯಕೆಗಳಿಗಾಗಿಯೇ ಬೇರೊಂದು ಸಂಸ್ಥೆಯನ್ನು ಕಟ್ಟಿದರು.

ಆ ತಾಯಿಯ ದುಃಖವನ್ನು ನಾವು ಹಗುರಾಗಿ ಕಾಣಬಾರದು. ಆಕೆಯ ನೆಲೆಯಲ್ಲಿ ನಿಂತು ನೋಡಿದರೆ, ಮಡಿಲಲ್ಲಿರುವ ಮಗನ ಸಂತೋಷದ ಮುಂದೆ ಕಾಣದ ಕಾಡಿನ ಮೃಗದ ಜೀವ ಕಣ್ಣಿಗೆ ಬೀಳುವುದಿಲ್ಲ. ಆದರೆ ಎಲ್ಲರ ನೆಲೆಗಳನ್ನೂ ತಿಳಿಯಬೇಕೆನ್ನುವ ಅನೇಕಾಂತವು ಕರಡಿಯ ನೆಲೆಯನ್ನು ಬಿಟ್ಟುಬಿಡಿ ಎನ್ನುವುದಿಲ್ಲ. ಸಾಯುತ್ತಿರುವ ಹುಡುಗನಿಗೆ ಜೀವ ಎಷ್ಟು ಪ್ರಿಯವೋ ಕರಡಿಗೂ ಅಷ್ಟೇ ಪ್ರಿಯ. ಜೀವದ ಬೆಲೆ ಏನೆಂದು ಆ ಹುಡುಗನಿಗಿಂತ ಚೆನ್ನಾಗಿ ಬಲ್ಲವರಾದರೂ ಯಾರು? ಒಬ್ಬರ ಅಂತ್ಯಕಾಲದ ಸುಖಕ್ಕಾಗಿ ಇನ್ನೊಂದು ಜೀವದ ಅಂತ್ಯಕಾಲವನ್ನು ತರುವುದು ಅಭಯದಾನದ ನೇರ ವಿರೋಧ. ಅಲ್ಲಿ ದ್ರವ್ಯವೇ ದುಷ್ಟವಾದುದರಿಂದ ದಾನವೂ ಕೆಡುತ್ತದೆ.

ನಿಜವಾದ ಮೃಗದ ಬದಲು ಬೊಂಬೆಯನ್ನು ಹೊಡೆಯಿಸಿದರಾಗದೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಕನ್ನಡ ಜೈನರಿಗೆ ಉತ್ತರ ಗೊತ್ತಿದೆ. 13ನೆಯ ಶತಮಾನದ ಆರಂಭದಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆ ಅವನನ್ನೂ ಅವನ ತಾಯಿಯನ್ನೂ ಭವಭವಗಳಲ್ಲಿ ಅಟ್ಟಿಸಿಕೊಂಡು ಹೋಯಿತು. ವಸ್ತುವನ್ನು ಬದಲಾಯಿಸಿದರೆ ಸಾಲದು. ಬಯಕೆಯ ಬೇರಿಗೆ ಹೋಗಬೇಕು. ಬೇಟೆಯನ್ನು ಬಯಸುವ ಹುಡುಗ ಬಯಸುವುದು ಏನಿರಬಹುದು? ಆಸ್ಪತ್ರೆಯ ಗೋಡೆಗಳಿಂದಾಚೆ ಕಾಡು, ತಂದೆಯ ಜೊತೆ ನಡಿಗೆ, ತಾನಿನ್ನೂ ಬಲವಂತನೆಂಬ ಭರವಸೆ. ಇವೆಲ್ಲವನ್ನೂ ಕೋವಿಯಿಲ್ಲದೆ ಕೊಡಲು ಬರುತ್ತದೆ. ಅವನು ಒಪ್ಪದೆ ಹೋದರೆ? ಆಗ ಇಲ್ಲವೆನ್ನುವ ಧೈರ್ಯವೂ ಕಾರುಣ್ಯದ ಭಾಗವೇ. ಅಕ್ಕ ರಾತ್ರಿ ಉಣ್ಣಲಿಲ್ಲ. ಪಕ್ಕದಿಂದ ಏಳಲೂ ಇಲ್ಲ.

ದ್ರವ್ಯದ ಇನ್ನೊಂದು ಪ್ರಶ್ನೆ ಲೆಕ್ಕದ್ದು. 2013ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಐದು ವರ್ಷದ ಬಾಲಕನೊಬ್ಬ ಬ್ಯಾಟ್‌ಮ್ಯಾನನ ಜೊತೆಗಾರನಾಗಿ ನಗರವನ್ನು ರಕ್ಷಿಸುವ ಆಟವನ್ನು ಸಾವಿರಾರು ಜನ ಸೇರಿ ಆಡಿಸಿದರು. ಮರುತಿಂಗಳು ನೀತಿಶಾಸ್ತ್ರಜ್ಞ ಪೀಟರ್ ಸಿಂಗರ್ ವಾಷಿಂಗ್‌ಟನ್ ಪೋಸ್ಟ್ ಪತ್ರಿಕೆಯಲ್ಲಿ ಇದನ್ನು ವಿಮರ್ಶಿಸಿ ಬರೆದರು. ಒಂದು ಬಯಕೆಯನ್ನು ಪೂರೈಸಲು ಸಂಸ್ಥೆಗೆ ತಗಲುವ ಸರಾಸರಿ ವೆಚ್ಚ 7,500 ಡಾಲರ್. ಅದೇ ಹಣವನ್ನು ಮಲೇರಿಯಾ ತಡೆಗಟ್ಟುವ ಸೊಳ್ಳೆಪರದೆಗಳಿಗೆ ಕೊಟ್ಟರೆ ಎರಡು ಮೂರು ಮಕ್ಕಳ ಪ್ರಾಣವೇ ಉಳಿಯುತ್ತದೆ ಎಂಬುದು ಅವರ ವಾದ. ನಮ್ಮ ಸಭೆಯಲ್ಲಿ ಲೆಕ್ಕಪತ್ರ ತೆರೆದ ಮಹನೀಯರು ಸಿಂಗರರನ್ನು ಓದಿರಲಿಕ್ಕಿಲ್ಲ. ಮಾತು ಮಾತ್ರ ಅದೇ.

ಈ ವಾದದಲ್ಲಿ ಹುರುಳಿದೆ. ನಮ್ಮ ದೇಶಕ್ಕಂತೂ ಅದು ಚೆನ್ನಾಗಿ ನಾಟುತ್ತದೆ. ಇಲ್ಲಿ ಎಷ್ಟೋ ಮಕ್ಕಳ ಚಿಕಿತ್ಸೆ ನಡುವಿನಲ್ಲೇ ನಿಲ್ಲುವುದು ಔಷಧಕ್ಕೆ ಗುಣವಿಲ್ಲದೆ ಅಲ್ಲ. ಊರಿನಿಂದ ಬರಲು ಬಸ್ಸಿನ ಹಣವಿಲ್ಲ, ನಗರದಲ್ಲಿ ತಂಗಲು ಸ್ಥಳವಿಲ್ಲ, ಕೂಲಿ ಬಿಟ್ಟರೆ ಮನೆ ನಡೆಯುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಅಂಗಳವನ್ನು ಒಮ್ಮೆ ಸುತ್ತಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಚಿಕಿತ್ಸೆಗೆ ಬಂದ ಮಕ್ಕಳಿಗೂ ತಂದೆತಾಯಿಗಳಿಗೂ ಉಚಿತ ವಸತಿ ಕೊಡುವ ಸೇಂಟ್ ಜೂಡ್ ಕೇಂದ್ರಗಳು 2006ರಲ್ಲಿ ಮುಂಬಯಿಯಲ್ಲಿ ಆರಂಭವಾದದ್ದು ಈ ಕೊರತೆಯನ್ನು ಕಂಡೇ. ಧರ್ಮಸ್ಥಳದ ಹೆಗ್ಗಡೆ ಮನೆತನದವರು ಚತುರ್ವಿಧ ದಾನದ ಪರಂಪರೆಯನ್ನು ನಡೆಸಿಕೊಂಡು ಬಂದಿರುವ ನಾಡಿನಲ್ಲಿ, ಯಾತ್ರಿನಿವಾಸಗಳನ್ನು ಕಟ್ಟಿಸಿ ಅನುಭವವಿರುವ ನಮ್ಮ ಟ್ರಸ್ಟುಗಳಿಗೆ ರೋಗಿಮಕ್ಕಳ ವಸತಿಯ ಏರ್ಪಾಡು ಅಪರಿಚಿತವಾದ ಕೆಲಸವೇನಲ್ಲ. ಆದ್ದರಿಂದ ಔಷಧ, ಆಹಾರ, ವಸತಿ, ಪ್ರಯಾಣ ಇವು ಮೊದಲು; ಬಯಕೆ ಅನಂತರ. ಈ ಕ್ರಮದಲ್ಲಿ ಸಿಂಗರರ ಮಾತನ್ನು ನಾನು ಒಪ್ಪುತ್ತೇನೆ.

ಆದರೆ ಅನಂತರವೆಂದರೆ ಬೇಡವೆಂದಲ್ಲ. ಒಂದು ಮಗುವಿನ ನಗೆಯನ್ನು ಇನ್ನೊಂದರ ಪ್ರಾಣದೊಡನೆ ತಕ್ಕಡಿಯಲ್ಲಿಟ್ಟಾಗ ನಗೆ ಸೋಲಲೇಬೇಕು. ಆ ತಕ್ಕಡಿಗೆ ನಮ್ಮ ಮದುವೆಯ ಚಪ್ಪರವನ್ನೂ ಅಮೃತಶಿಲೆಯ ನೆಲಹಾಸನ್ನೂ ಒಮ್ಮೆ ಹಾಕಿ ನೋಡಿದೆವೆ? ಔಷಧದ ಹಣವನ್ನು ಉಳಿಸಬೇಕಾದರೆ ಉಳಿತಾಯವನ್ನು ರೋಗಿಯ ಮಂಚದಿಂದಲೇ ಆರಂಭಿಸಬೇಕೆಂಬ ನಿಯಮವಿಲ್ಲ. ಅಲ್ಲದೆ ಮನಸ್ಸಿನ ಉಲ್ಲಾಸಕ್ಕೂ ದೇಹಕ್ಕೂ ನಂಟಿದೆ. ಬಯಕೆ ನೆರವೇರಿದ ಮಕ್ಕಳು ಅನಿರೀಕ್ಷಿತವಾಗಿ ಆಸ್ಪತ್ರೆಗೆ ಸೇರಬೇಕಾದ ಸಂದರ್ಭಗಳು ಕಡಿಮೆಯಾಗಿದ್ದವೆಂದು ಅಮೆರಿಕಾದ ಓಹಾಯೋ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರ ಸಂಶೋಧಕರು 2018ರಲ್ಲಿ ವರದಿ ಮಾಡಿದರು. ಒಂದು ಆಸ್ಪತ್ರೆಯ ದಾಖಲೆಗಳ ಹೋಲಿಕೆಯಿಂದ ಕಾರ್ಯಕಾರಣವನ್ನು ಸಿದ್ಧಪಡಿಸಲಾಗದು. ಆದರೂ ಇದು ವ್ಯರ್ಥವ್ಯಯವೆಂದು ಅವಸರದಿಂದ ಹೇಳುವವರು ಒಂದು ಕ್ಷಣ ತಡೆದು ಯೋಚಿಸಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಬಯಕೆಯೂ ಸಣ್ಣದೇ: ಒಂದು ಸೈಕಲ್ಲು, ಒಂದು ಬೊಂಬೆ, ಹಬ್ಬಕ್ಕೊಂದು ಹೊಸ ಅಂಗಿ.

ಮೂರನೆಯದು ದಾತೃ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾನಿಯ ಏಳು ಗುಣಗಳನ್ನು ಹೇಳುವಾಗ ಐಹಿಕ ಫಲದ ಅಪೇಕ್ಷೆಯಿಲ್ಲದಿರುವುದರಿಂದ ಆರಂಭಿಸಿ ನಿರಹಂಕಾರದಲ್ಲಿ ಮುಗಿಸಿದ್ದಾರೆ. ಈ ದಾನಕ್ಕೆ ಈ ಎರಡೂ ಗುಣಗಳ ಕೊರತೆ ಬೇಗ ಅಂಟಿಕೊಳ್ಳುತ್ತದೆ. ಕೂದಲುದುರಿದ ಮಗುವಿನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಭಾವಚಿತ್ರಕ್ಕೆ ಜನರ ಮೆಚ್ಚುಗೆ ಸುಲಭವಾಗಿ ಸಿಗುತ್ತದೆ. ಆ ಮಗು ಬೆಳೆದು ದೊಡ್ಡದಾದ ಮೇಲೆ ತನ್ನ ರೋಗದ ಆ ಚಿತ್ರವನ್ನು ಊರೆಲ್ಲ ನೋಡಿದ್ದನ್ನು ಒಪ್ಪುವುದೇ ಎಂದು ಯಾರೂ ಕೇಳಿರುವುದಿಲ್ಲ. ಸೈಕಲ್ಲಿನ ಬೆಲೆಗೆ ಮಗುವಿನ ಮರ್ಯಾದೆಯನ್ನು ಕೊಂಡುಕೊಂಡಂತೆ ಆಗಬಾರದು. ದಾನಿಯ ತೀರ್ಥರೂಪರ ಹೆಸರು ಟ್ರಸ್ಟಿನ ಲೆಕ್ಕದ ಪುಸ್ತಕದಲ್ಲಿದ್ದರೆ ಸಾಕು. ಮಗುವಿನ ಹೆಸರು ಅಲ್ಲಿಂದ ಹೊರಗೆ ಬರಬಾರದು.

ಕೊನೆಯದು ಪಾತ್ರ. ಮುನಿಗಳಿಗೂ ವ್ರತಿಗಳಿಗೂ ಕೊಡುವಾಗ ಪಾತ್ರಾಪಾತ್ರ ವಿಚಾರ ಸಲ್ಲುತ್ತದೆ. ಕರುಣಾದಾನದಲ್ಲಿ ನೋವೇ ಪಾತ್ರತೆ. ಅಲ್ಲಿ ಜಾತಿಮತಗಳನ್ನು ಕೇಳುವಂತಿಲ್ಲ. ಆದರೆ ನಮ್ಮ ಸಮಿತಿಯ ಮುಂದೆ ಬಂದ ಪತ್ರದಲ್ಲಿದ್ದ 'ಕೊನೆಯ ಆಸೆ' ಎಂಬ ಮಾತು ಮಾತ್ರ ನನ್ನನ್ನು ಚುಚ್ಚಿತು. ಫೀನಿಕ್ಸಿನ ಬಾಲಕ ಉಳಿಯಲಿಲ್ಲ, ನಿಜ. ಆದರೆ ಇಂದು ಮಕ್ಕಳ ರಕ್ತದ ಕ್ಯಾನ್ಸರು, ಸರಿಯಾದ ಚಿಕಿತ್ಸೆ ಪೂರ್ತಿಯಾಗಿ ದೊರೆತರೆ, ಹೆಚ್ಚಿನವರಲ್ಲಿ ಗುಣವಾಗಬಲ್ಲ ಕಾಯಿಲೆ. ಸ್ಯಾನ್ ಫ್ರಾನ್ಸಿಸ್ಕೋದ ಬಾಲಕ ಕ್ಯಾನ್ಸರಿನಿಂದ ಮುಕ್ತನಾಗಿದ್ದಾನೆಂದು 2018ರಲ್ಲಿ ವರದಿಯಾಯಿತು. ಆ ಸಂಸ್ಥೆಯೂ ಸಾವು ಖಚಿತವಾದ ಮಕ್ಕಳಿಗೆ ಮಾತ್ರವಲ್ಲದೆ ಗಂಭೀರ ಕಾಯಿಲೆಯ ಮಕ್ಕಳೆಲ್ಲರಿಗೂ, ವೈದ್ಯರ ಒಪ್ಪಿಗೆ ಪಡೆದು, ಈ ಸೇವೆಯನ್ನು ನಡೆಸುತ್ತಿದೆ. ವೇದಿಕೆಗೆ ಕರೆದು 'ಇದು ನಿನ್ನ ಕೊನೆಯ ಆಸೆ' ಎಂದು ಧ್ವನಿವರ್ಧಕದಲ್ಲಿ ಸಾರುವುದೆಂದರೆ ಬದುಕಲಿರುವ ಮಗುವಿಗೆ ಮರಣಶಾಸನ ಓದಿದಂತೆ. ವಾಚಕಹಿಂಸೆ ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ನನ್ನ ಅಕ್ಕನ ಮೊಮ್ಮಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಆ ದಿನಗಳಲ್ಲಿ ನೆಂಟರು ತಂದುಕೊಟ್ಟ ಆಟಿಕೆಗಳಲ್ಲಿ ಒಂದೂ ಅವನಿಗೆ ನೆನಪಿಲ್ಲ. ಬೆಳಗಿನ ರೊಟ್ಟಿ ನೆನಪಿದೆ.

ಆದ್ದರಿಂದ ನಮ್ಮ ಸಮಿತಿಗೂ ಇಂಥ ಆಲೋಚನೆಯಲ್ಲಿರುವ ಇತರ ಟ್ರಸ್ಟುಗಳಿಗೂ ನನ್ನ ವಿನಂತಿ ಇಷ್ಟು. ನಿಧಿಯನ್ನು ನಿರಾಕರಿಸಬೇಡಿ. ದೇವರ ಪೂಜೆಗೆಂದು ಬಂದ ದ್ರವ್ಯವನ್ನು ಇದಕ್ಕೆ ಬೆರೆಸದೆ ಪ್ರತ್ಯೇಕ ಲೆಕ್ಕವಿಡಿ. ಅದರ ದೊಡ್ಡ ಪಾಲು ಔಷಧ, ವಸತಿ, ಪ್ರಯಾಣಗಳಿಗಿರಲಿ; ಚಿಕ್ಕ ಪಾಲು ಬಯಕೆಗಿರಲಿ. ಕೇಳಲು ಹೋಗುವವರು ಒಬ್ಬರೋ ಇಬ್ಬರೋ ಇರಲಿ. ಸಾಧ್ಯವಾದರೆ ಮಕ್ಕಳನ್ನು ಸಾಕಿ ಬೆಳೆಸಿದ ಶ್ರಾವಿಕೆಯರೇ ಹೋಗಲಿ. ವೈದ್ಯರನ್ನೂ ತಾಯಿತಂದೆಯರನ್ನೂ ವಿಚಾರಿಸಿ, ಮಗುವಿನ ಮಾತನ್ನು ಮಗುವಿನ ಬಾಯಿಂದಲೇ ಕೇಳಲಿ. ಪಕ್ಕದಲ್ಲಿ ಸಪ್ಪಗೆ ನಿಂತಿರುವ ಅಣ್ಣನನ್ನೋ ತಂಗಿಯನ್ನೋ ಮರೆಯದಿರಲಿ. ಕೊಟ್ಟ ಮಾತನ್ನು ತಡಮಾಡದೆ ನಡೆಸಲಿ. ಆ ಮಕ್ಕಳ ಕಾಲ ನಮ್ಮ ಸಭೆಗಳ ಕಾಲದಂತಲ್ಲ. ಯಾವ ಜೀವಕ್ಕೂ ನೋವಾಗದ ಬಯಕೆಯನ್ನು ಪೂರೈಸಲಿ. ನೋವಾಗುವಂಥದ್ದಾದರೆ ಅದರ ಹಿಂದಿರುವ ಬಯಕೆಯನ್ನು ಹುಡುಕಲಿ. ಮಹಾವೀರ ಜಯಂತಿಯ ವೇದಿಕೆಯ ಮೇಲೆ ಆ ದಿನ ಶಾಸ್ತ್ರಪ್ರವಚನ ನಡೆಯಲಿ. ಮಕ್ಕಳು ಅವರವರ ಮನೆಯಲ್ಲಿ, ಅವರವರ ಸೈಕಲ್ಲಿನ ಮೇಲೆ ಇರಲಿ.